ಆ ಹೊಂಬಣ್ಣ ಸೂರ್ಯನದಲ್ಲ

ಪ್ರಿಯರೇ, ನಮಸ್ಕಾರ.

ವಿಜ್ಞಾನದ ದೃಶ್ಯಗಳಿಂದಲೇ ಕಟ್ಟಿದ ಪ್ರಯೋಗಶೀಲ ಸಿನಿಮಾಗಳ ಕುರಿತು ನೀವು ಬ್ಯಾಡಗಿಯಿಂದ ಕಳುಹಿಸಿದ ಹನ್ನೊಂದು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಇಂಥ ವಿಷಯದ ಮೇಲೆ ಯಾರಾದರೂ ಬರೆದಾರೇ ಎಂದು ಧಾರವಾಡದಲ್ಲಿ ಕುಳಿತು ವರ್ಷಗಟ್ಟಲೆ ಕಾದವನು ನಾನು. ಆದ್ದರಿಂದ ಈ ಮಾತು ನನಗೂ ಕಹಿಯೇ.

ಮೊದಲ ನಾಲ್ಕು ಪುಟಗಳಲ್ಲಿ ‘ವಿಸ್ಮಯ’, ‘ಅನಂತ’, ‘ಬ್ರಹ್ಮಾಂಡ’ಗಳು ಎಷ್ಟು ತುಂಬಿವೆಯೆಂದರೆ, ತೆರೆಯ ಮೇಲೆ ಏನು ಕಾಣಿಸಿತೆಂಬುದು ಓದುಗನಿಗೆ ತಿಳಿಯುವುದೇ ಇಲ್ಲ. ಅವನ್ನು ಪೂರ್ತಿ ತೆಗೆಯಿರಿ. ಐದನೆಯ ಪುಟದಲ್ಲಿ ‘ಸೂರ್ಯನ ಸಹಜ ಹೊಂಬಣ್ಣ’ ಎಂದಿರುವುದು ತಪ್ಪು. 2010ರಲ್ಲಿ ಉಡಾವಣೆಯಾದ ನಾಸಾದ ಸೌರ ವೀಕ್ಷಣಾಲಯವು ನೀವು ಅಲ್ಲಿ ಹೇಳುವ ಸೂರ್ಯನ ಚಿತ್ರವನ್ನು ಸೆರೆಹಿಡಿದದ್ದು ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಲ್ಲಿ. ಯಾವ ತರಂಗಾಂತರದ ಚಿತ್ರವೆಂದು ಗುರುತಿಸಲು ವಿಜ್ಞಾನಿಗಳು ಆಮೇಲೆ ಹಚ್ಚಿದ ಬಣ್ಣವದು.

ನಿಮ್ಮ ಲೇಖನದ ಜೀವ ಇರುವುದೂ ಈ ತಪ್ಪಿನ ಆಸುಪಾಸಿನಲ್ಲಿಯೇ. ಒಂದೇ ಸಾಲಿನಲ್ಲಿ ಹೊಗಳಿ ದಾಟಿಬಿಟ್ಟ ‘ಬ್ರಿಲಿಯಂಟ್ ನಾಯ್ಸ್’ (2006) ಚಿತ್ರದಲ್ಲಿ, ಸೆಮಿಕಂಡಕ್ಟರ್ ಎಂಬ ಹೆಸರಿನ ಬ್ರಿಟಿಷ್ ಕಲಾವಿದರ ಜೋಡಿಯು ಸೂರ್ಯನ ಕಪ್ಪು-ಬಿಳುಪು ಕಚ್ಚಾ ಚಿತ್ರಗಳನ್ನು, ಸಾಮಾನ್ಯವಾಗಿ ಅಳಿಸಿಹಾಕುವ ಚುಕ್ಕೆ-ಗೀರುಗಳ ಸಮೇತ ಪೋಣಿಸಿತು. ಚಿತ್ರದ ಹೊಳಪಿನ ಏರಿಳಿತದಿಂದಲೇ ಅದರ ಧ್ವನಿಯನ್ನೂ ರೂಪಿಸಿತು. ಆ ಬಿಳಿ ಚುಕ್ಕೆಗಳು ವೇಗದ ಕಣಗಳು ಕ್ಯಾಮೆರಾದ ಸಂವೇದಕಕ್ಕೆ ಬಡಿದ ಗುರುತುಗಳು. ಸಂಶೋಧಕರು ತೂರಿಬಿಡುವ ಹೊಟ್ಟನ್ನೇ ಇವರು ರಾಶಿ ಮಾಡಿದರು. ಹಾಗೇಕೆ ಮಾಡಿದರು, ಅದರಿಂದ ಸೂರ್ಯ ನಿಮಗೆ ಹೇಗೆ ಬೇರೆಯಾಗಿ ಕಂಡ ಎಂಬುದಕ್ಕೆ ಎರಡು ಪುಟಗಳನ್ನಾದರೂ ಕೊಡಿ.

ಇನ್ನು ಒಂಬತ್ತನೆಯ ಪುಟ. ಮುಟುರು ರೋಗ ಬಂದ ಮೆಣಸಿನಕಾಯಿ ಎಲೆಯ ನುಸಿಗಳನ್ನು, ಕಾಲೇಜಿನ ಸೂಕ್ಷ್ಮದರ್ಶಕಕ್ಕೆ ಮೊಬೈಲ್ ಹಿಡಿದು ನೀವೇ ಚಿತ್ರೀಕರಿಸಿದಿರಿ. ಅದನ್ನು ನೋಡಿದ ನಿಮ್ಮ ತಂದೆಯವರು ‘ಇಷ್ಟ್ ಸಣ್ಣವು ಹೊಲಾನ ತಿಂದ್ವೇನು?’ ಎಂದರು. ಇದನ್ನು ಆವರಣದೊಳಗೆ ಸೇರಿಸಿ ಮುಚ್ಚಿಬಿಟ್ಟಿದ್ದೀರಲ್ಲ! 1903ರಲ್ಲಿ ಲಂಡನ್ನಿನ ಪ್ರೇಕ್ಷಕರು ತೆರೆಯ ಮೇಲೆ ಬೃಹದಾಕಾರವಾಗಿ ಹರಿದಾಡುವುದನ್ನು ಕಂಡ ಚೀಸಿನ ನುಸಿಗಳು ನಿಮ್ಮ ಹೊಲದ ನುಸಿಗಳಿಗೆ ದೂರದ ಬಂಧುಗಳೇ. ಬೆಳಕು ಎಲೆಯ ಮೇಲಿನಿಂದ ಬಿದ್ದಿತೋ, ಕೆಳಗಿನಿಂದಲೋ? ದೀಪದ ಕಾವಿಗೆ ನುಸಿಗಳು ಏನು ಮಾಡಿದವು? ಎಷ್ಟು ಸೆಕೆಂಡು ಉಳಿಸಿಕೊಂಡಿರಿ, ಯಾವುದನ್ನು ಕತ್ತರಿಸಿದಿರಿ?

ಲೇಖನವನ್ನು ಇಲ್ಲಿಂದಲೇ ಆರಂಭಿಸಿ, ಸಾವಿರ ಪದಗಳೊಳಗೆ ಬರೆದು ಮತ್ತೆ ಕಳುಹಿಸಿರಿ. ಆ ತುಣುಕನ್ನೂ ಜೊತೆಗಿಡಿ. ಬಣ್ಣ ತಿದ್ದಿದ್ದರೆ, ತಿದ್ದುವ ಮೊದಲಿನದನ್ನು.

ಇಂತು,
ಸಂಪಾದಕ, ಧಾರವಾಡ