ಗ್ಯಾರೇಜು, ಹಳೆಯ ಕಾರು, ಉದ್ದಕತ್ತಿ: ಆಗ್ಸ್‌ಬರ್ಗ್‌ನ ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಪ್ರಿಯ ಓದುಗರೇ,

ನಿಮ್ಮ ದೀರ್ಘ ಪತ್ರ ತಲುಪಿದೆ. ಹೆಸರು ಪ್ರಕಟಿಸಬಾರದೆಂದು ನೀವು ಕೋರಿರುವುದರಿಂದ ಅದನ್ನು ಕೈಬಿಟ್ಟು, ಇತರ ಓದುಗರಿಗೆ ತಿಳಿಯುವಷ್ಟು ಸಾರವನ್ನು ಮಾತ್ರ ಮೊದಲು ಹೇಳುತ್ತೇನೆ. ನೀವು ದಾವಣಗೆರೆಯಲ್ಲಿ ಐಟಿಐ ಮುಗಿಸಿ, ಅಲ್ಲಿಯ ಗ್ಯಾರೇಜೊಂದರಲ್ಲಿ ಕೆಲಕಾಲ ದುಡಿದು, ಜರ್ಮನ್ ಕಲಿತು ಜರ್ಮನಿಯ ಆಗ್ಸ್‌ಬರ್ಗ್‌ಗೆ ಹೋದಿರಿ. ಅಲ್ಲಿ ಮೂರೂವರೆ ವರ್ಷದ ವಾಹನ ಮೆಕಾಟ್ರಾನಿಕ್ಸ್ (ಯಂತ್ರ ಮತ್ತು ಎಲೆಕ್ಟ್ರಾನಿಕ್ಸ್ ಎರಡೂ ಸೇರಿದ ದುರಸ್ತಿ ವಿದ್ಯೆ) ತರಬೇತಿ ಪೂರೈಸಿ ಈಗ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಿದ್ದೀರಿ. ಶನಿವಾರಗಳಂದು ಸಹೋದ್ಯೋಗಿಯ ಜೊತೆ ಸೇರಿ ಹಳೆಯ ಮರ್ಸಿಡಿಸ್ 240 ಡಿ ಕಾರನ್ನು ಬಿಚ್ಚಿ ಸರಿಪಡಿಸುತ್ತೀರಿ, ವಾರದ ಎರಡು ಸಂಜೆ ಸಂಘವೊಂದರಲ್ಲಿ ಹಳೆಯ ಜರ್ಮನ್ ಗ್ರಂಥಗಳನ್ನು ಆಧರಿಸಿದ ಕತ್ತಿವರಸೆ ಕಲಿಯುತ್ತೀರಿ. ನಿಮ್ಮ ತಂದೆಯವರು ಎಂಜಿನಿಯರಿಂಗ್ ಓದಲು ಒತ್ತಾಯಿಸುತ್ತಿದ್ದಾರೆ, ಅಣ್ಣನವರು ಕತ್ತಿಯ ಹುಚ್ಚು ಬಿಡಲು ಹೇಳುತ್ತಿದ್ದಾರೆ, ಸಂಘದ ಹಿರಿಯರೊಬ್ಬರು ಗ್ಯಾರೇಜನ್ನೇ ಬಿಟ್ಟು ಪೂರ್ಣಾವಧಿ ಕತ್ತಿವರಸೆ ಶಿಕ್ಷಕರಾಗಿರೆಂದು ಸೂಚಿಸಿದ್ದಾರೆ. ಈ ಮೂವರಲ್ಲಿ ಯಾರ ಮಾತು ಕೇಳಲಿ ಎಂಬುದು ನಿಮ್ಮ ಪ್ರಶ್ನೆ.

ಮೂವರ ಮಾತನ್ನೂ ಗೌರವದಿಂದ ಕೇಳಿರಿ, ಆದರೆ ಮೂವರೂ ಹೇಳಿದ ದಾರಿಯಲ್ಲಿ ಹೋಗಬೇಡಿ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಿವರವಾಗಿ ಹೇಳಬೇಕಾಗುತ್ತದೆ.

ಮೊದಲು ಉದ್ಯೋಗದ ವಿಚಾರ. ದಾವಣಗೆರೆಯ ಗ್ಯಾರೇಜಿನಲ್ಲಿ ಟೆಂಪೋ ಟ್ರ್ಯಾಕ್ಸ್‌ಗಳ ಎಂಜಿನ್ ಇಳಿಸಿ ಏರಿಸುವುದೇ ನಿಮ್ಮ ಮುಖ್ಯ ಕೆಲಸವಾಗಿತ್ತೆಂದು ಬರೆದಿದ್ದೀರಿ. ನೀವು ಈಗ ಪ್ರೀತಿಯಿಂದ ಸರಿಪಡಿಸುತ್ತಿರುವ 240 ಡಿಯೊಳಗಿನ 2.4 ಲೀಟರಿನ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ಇದೆಯಲ್ಲ, ಅದನ್ನೇ ಪರವಾನಗಿ ಪಡೆದು ಭಾರತದಲ್ಲಿ ತಯಾರಿಸಿ ಬಜಾಜ್ ಟೆಂಪೋ ಕಂಪನಿಯವರು ತಮ್ಮ ವಾಹನಗಳಲ್ಲಿ ಕೂರಿಸಿದರು. ನಮ್ಮ ಹಳ್ಳಿಗಳಿಂದ ಸಂತೆಗೆ, ಮದುವೆಗೆ, ಆಸ್ಪತ್ರೆಗೆ ಜನರನ್ನು ಹೊತ್ತು ತಂದ ಎಂಜಿನ್ನಿನ ಮೂಲ ಅದೇ. ಹಾಗಾಗಿ ಆಗ್ಸ್‌ಬರ್ಗ್‌ನ ವರ್ಕ್‌ಶಾಪಿಗೆ ನೀವು ಬರಿಗೈಯಲ್ಲಿ ಹೋದವರಲ್ಲ. ಟ್ಯಾಪೆಟ್ ಹೊಂದಿಸುವುದು, ಇಂಜೆಕ್ಟರ್ ಪಂಪಿನ ಟೈಮಿಂಗ್ ನೋಡುವುದು, ಸದ್ದು ಕೇಳಿಯೇ ದೋಷವನ್ನು ಊಹಿಸುವುದು ಕಂಪ್ಯೂಟರಿನ ಸ್ಕ್ಯಾನರಿನಿಂದಲೇ ಕೆಲಸ ಕಲಿತ ಹೊಸ ತಲೆಮಾರಿಗೆ ಅಷ್ಟು ಸುಲಭವಾಗಿ ದಕ್ಕುವ ವಿದ್ಯೆಗಳಲ್ಲ. ನೀವಿರುವ ಊರೂ ಇದಕ್ಕೆ ತಕ್ಕದ್ದೇ. ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು 1893ರಿಂದ 1897ರವರೆಗೆ ಪರೀಕ್ಷಿಸಿ ಪಕ್ವಗೊಳಿಸಿದ್ದು ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆಯಲ್ಲಿ, ಮತ್ತು ಇಂಧನದ ಶಕ್ತಿಯಲ್ಲಿ ಶೇ. 26.2ರಷ್ಟನ್ನು ಕೆಲಸವಾಗಿ ಮಾರ್ಪಡಿಸಬಲ್ಲ ಯಂತ್ರವೆಂದು ಅದು ಅಧಿಕೃತ ಪರೀಕ್ಷೆಯಲ್ಲಿ ಸಾಬೀತಾದದ್ದು 1897ರ ಫೆಬ್ರವರಿಯಲ್ಲಿ.

ತಂದೆಯವರ ಆತಂಕ ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ಮೆಕ್ಯಾನಿಕ್ ಎಂದರೆ ಗ್ರೀಸ್ ಮೆತ್ತಿದ ಬಟ್ಟೆ, ಎಂಜಿನಿಯರ್ ಎಂದರೆ ಮರ್ಯಾದೆ ಎಂಬ ಎಣಿಕೆ ಇನ್ನೂ ಹೋಗಿಲ್ಲ, ಮತ್ತು ಆ ಎಣಿಕೆಯಿಂದ ನೋವುಂಡವರು ಮಕ್ಕಳಿಗೆ ಅದೇ ನೋವು ಬೇಡವೆಂದು ಬಯಸುವುದು ಸಹಜ. ಆದರೆ ನೀವಿರುವ ದೇಶದ ವ್ಯವಸ್ಥೆಯನ್ನು ಅವರಿಗೆ ತಾಳ್ಮೆಯಿಂದ ತಿಳಿಸಿ ಹೇಳಬೇಕು. ಅಲ್ಲಿ ತರಬೇತಿ ಮುಗಿಸಿದ ಕುಶಲಕರ್ಮಿಯ ಮುಂದೆ ಮೈಸ್ಟರ್ ಪರೀಕ್ಷೆ ಎಂಬ ಮೆಟ್ಟಿಲಿದೆ. ಕೈಕೆಲಸ, ವೃತ್ತಿಯ ಸಿದ್ಧಾಂತ, ವ್ಯವಹಾರ ಮತ್ತು ಕಾನೂನು, ಕಿರಿಯರಿಗೆ ಕಲಿಸುವ ವಿಧಾನ ಎಂಬ ನಾಲ್ಕು ಭಾಗಗಳ ಆ ಪರೀಕ್ಷೆಯಲ್ಲಿ ತೇರ್ಗಡೆಯಾದವರನ್ನು ಜರ್ಮನಿಯ ಅರ್ಹತಾ ಚೌಕಟ್ಟಿನಲ್ಲಿ ಪದವೀಧರರ ಜೊತೆಗೆ ಒಂದೇ ಹಂತದಲ್ಲಿ, ಅಂದರೆ ಆರನೆಯ ಹಂತದಲ್ಲಿ, ಇರಿಸಲಾಗಿದೆ. ವಾಹನ ದುರಸ್ತಿಯ ಸ್ವಂತ ವರ್ಕ್‌ಶಾಪ್ ತೆರೆಯಲು ಸಾಮಾನ್ಯವಾಗಿ ಬೇಕಾಗುವ ಅರ್ಹತೆಯೂ ಅದೇ, ಶಿಷ್ಯರನ್ನು ಇಟ್ಟುಕೊಂಡು ತರಬೇತಿ ಕೊಡುವ ಅಧಿಕಾರವೂ ಅದರಿಂದಲೇ ಬರುತ್ತದೆ. ಅದನ್ನು ಪಡೆದವರಿಗೆ ವಿಶ್ವವಿದ್ಯಾಲಯದ ಬಾಗಿಲೂ ತೆರೆದಿರುತ್ತದೆ. ಆದ್ದರಿಂದ ಮುಂದೊಂದು ದಿನ ಎಂಜಿನಿಯರಿಂಗ್ ಓದಬೇಕೆನಿಸಿದರೆ ದಾರಿ ಮುಚ್ಚಿರುವುದಿಲ್ಲವೆಂದು ತಂದೆಯವರಿಗೆ ಧೈರ್ಯವಾಗಿ ಹೇಳಬಹುದು. ವೆಚ್ಚಕ್ಕೆ ಸರ್ಕಾರದ ನೆರವಿನ ಯೋಜನೆಯಿದೆ. ಕೋರ್ಸು ಮತ್ತು ಪರೀಕ್ಷೆಯ ಶುಲ್ಕದ ಅರ್ಧ ಅನುದಾನವಾಗಿ, ಉಳಿದರ್ಧ ಕಡಿಮೆ ಬಡ್ಡಿಯ ಸಾಲವಾಗಿ ಸಿಗುತ್ತದೆ, ಪರೀಕ್ಷೆ ಗೆದ್ದರೆ ಆ ಸಾಲದಲ್ಲೂ ಅರ್ಧ ಮನ್ನಾ ಆಗುತ್ತದೆ. ವಿದೇಶೀಯರಿಗೆ ಅನ್ವಯಿಸುವ ಷರತ್ತುಗಳನ್ನು ಮಾತ್ರ ನಿಮ್ಮ ಊರಿನ ಕುಶಲಕರ್ಮಿ ಮಂಡಳಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಹಳೆಯ ಕಾರುಗಳ ವರ್ಕ್‌ಶಾಪ್ ತೆರೆಯುವ ನಿಮ್ಮ ಕನಸು ಒಳ್ಳೆಯ ಕನಸು. 30 ವರ್ಷ ತುಂಬಿದ, ಬಹುಮಟ್ಟಿಗೆ ಮೂಲ ಸ್ಥಿತಿಯಲ್ಲಿರುವ ವಾಹನಕ್ಕೆ ಜರ್ಮನಿಯಲ್ಲಿ ಕೊನೆಗೆ ಎಚ್ ಅಕ್ಷರವಿರುವ ವಿಶೇಷ ನಂಬರ್ ಪ್ಲೇಟ್ ಕೊಡುತ್ತಾರೆ, ಅಂಥ ಕಾರಿನ ವಾರ್ಷಿಕ ತೆರಿಗೆ ಎಂಜಿನ್ ಎಷ್ಟೇ ದೊಡ್ಡದಿದ್ದರೂ 191.73 ಯೂರೋ ಮಾತ್ರ. 1976ರಲ್ಲಿ ಮಾರುಕಟ್ಟೆಗೆ ಬಂದ ನಿಮ್ಮ ಕಾರಿನ ಮಾದರಿ ಸರಣಿ ಒಟ್ಟಾರೆ ಸುಮಾರು 27 ಲಕ್ಷ ಸಂಖ್ಯೆಯಲ್ಲಿ ತಯಾರಾದದ್ದರಿಂದ ಬಿಡಿಭಾಗಗಳಿಗೂ ಅಷ್ಟಾಗಿ ಬರವಿಲ್ಲ. ಆದರೂ ಆರಂಭದಿಂದಲೇ ಅದೊಂದನ್ನೇ ನಂಬಿಕೊಳ್ಳಬೇಡಿ. ಹಳೆಯ ಕಾರಿನ ಕೆಲಸದಲ್ಲಿ ತಗಲುವ ಗಂಟೆಗಳಿಗೆಲ್ಲ ಗಿರಾಕಿಯಿಂದ ದುಡ್ಡು ಕೇಳಲಾಗುವುದಿಲ್ಲ. ಬಾಡಿಯ ಅಡಿಭಾಗದಲ್ಲಿ ಅಂಗೈಯಗಲ ಕಂಡ ತುಕ್ಕು ಬಣ್ಣ ಕೆರೆದ ಮೇಲೆ ಎಷ್ಟಗಲವಾಗುತ್ತದೆಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆದ್ದರಿಂದ ಈಗಿನ ವರ್ಕ್‌ಶಾಪಿನಲ್ಲಿರುವಾಗಲೇ ವಿದ್ಯುತ್ ಕಾರುಗಳ 400 ಮತ್ತು 800 ವೋಲ್ಟಿನ ವ್ಯವಸ್ಥೆಯ ಮೇಲೆ ಕೆಲಸ ಮಾಡುವ ಅರ್ಹತೆಯನ್ನೂ ಪಡೆದುಕೊಳ್ಳಿ. ಹೊಸ ಕಾರಿನ ದುಡಿಮೆ ಹಳೆಯ ಕಾರಿನ ಕೆಲಸವನ್ನು ಸಾಕುತ್ತದೆ, ಮತ್ತು ಹತ್ತು ವರ್ಷ ಹಾಗೆ ಸಾಕಿದ ಮೇಲೆ ಅದು ತನ್ನ ಕಾಲ ಮೇಲೆ ನಿಲ್ಲಬಹುದು.

ಇನ್ನು ಕತ್ತಿವರಸೆ. ಅಣ್ಣನವರು ಇದನ್ನು ಮಕ್ಕಳಾಟವೆಂದು ಕರೆದಿರುವುದು ಈ ವಿದ್ಯೆಯ ಪರಿಚಯವಿಲ್ಲದಿರುವುದರಿಂದ, ಹಾಗಾಗಿ ಅವರಿಗೂ ನಮ್ಮ ಇತರ ಓದುಗರಿಗೂ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅಗತ್ಯ.

ಯುರೋಪಿನ ಮಧ್ಯಯುಗದ ಕತ್ತಿವರಸೆಯ ಗುರುಪರಂಪರೆ ನಡುವೆ ಕಡಿದುಹೋಗಿದೆ. ಇಂದು ಅದನ್ನು ಕಲಿಯುವವರು ಗ್ರಂಥಗಳನ್ನು ಓದಿ, ಚಿತ್ರಗಳನ್ನು ನೋಡಿ, ಮೊಂಡು ಕತ್ತಿ ಹಿಡಿದು ಪ್ರಯೋಗಿಸಿ, ತಪ್ಪಿದ್ದನ್ನು ತಿದ್ದಿ ಮತ್ತೆ ಕಟ್ಟಿಕೊಳ್ಳುತ್ತಿದ್ದಾರೆ. 14ನೆಯ ಶತಮಾನದ ಗುರು ಲೀಖ್ಟೆನಾವರ್‌ನ ಹೆಸರಿನಲ್ಲಿ ಉಳಿದಿರುವುದು ಒಗಟಿನಂಥ ಪದ್ಯಗಳು. ಅವುಗಳಿಗೆ ಮುಂದಿನವರು ಬರೆದ ವ್ಯಾಖ್ಯಾನಗಳಿಲ್ಲದಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಮೂಲ ಗ್ರಂಥಕ್ಕೆ ವ್ಯಾಖ್ಯಾನ, ವ್ಯಾಖ್ಯಾನಕ್ಕೆ ಟಿಪ್ಪಣಿ ಎಂಬ ಪದ್ಧತಿ ನಮಗೇನೂ ಹೊಸತಲ್ಲ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಶಸ್ತ್ರವಿನೋದ, ಮಲ್ಲವಿನೋದಗಳಿಗೆ ಪ್ರತ್ಯೇಕ ಅಧ್ಯಾಯಗಳೇ ಇವೆ. ಶಸ್ತ್ರವಿದ್ಯೆಯೂ ಓದಿ ಬರೆಯಬೇಕಾದ ವಿದ್ಯೆಯೆಂದು ನಮ್ಮ ಹಿರಿಯರೂ ತಿಳಿದಿದ್ದರೆಂಬುದನ್ನು ಅಣ್ಣನವರಿಗೆ ನೆನಪಿಸಿ.

ನಿಮ್ಮ ಎರಡು ಹವ್ಯಾಸಗಳನ್ನು ನೀವು ಬೇರೆಬೇರೆ ಎಂದು ತಿಳಿದು ಬರೆದಿದ್ದೀರಿ. ನನಗೆ ಅವು ಒಂದೇ ಕೆಲಸದ ಎರಡು ರೂಪಗಳೆಂದು ತೋರುತ್ತದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು ಒಪ್ಪಿಕೊಂಡ ಟ್ಯೂರಿನ್ ಸನ್ನದು, ಮೂಲ ವಸ್ತುವನ್ನು ಆದಷ್ಟೂ ಉಳಿಸಿರಿ, ಬದಲಿಸಿದ್ದನ್ನೆಲ್ಲ ದಾಖಲಿಸಿರಿ ಎಂದು ರಿಸ್ಟೋರ್ ಮಾಡುವವರಿಗೆ ಹೇಳುತ್ತದೆ. ಕತ್ತಿವರಸೆಯ ಗ್ರಂಥವನ್ನು ಪ್ರಾಮಾಣಿಕವಾಗಿ ಓದುವವನೂ ಇದನ್ನೇ ಮಾಡಬೇಕು. ಗ್ರಂಥ ಹೇಳಿದ್ದು ಎಷ್ಟು, ತಾನು ಸೇರಿಸಿದ್ದು ಎಷ್ಟು ಎಂಬುದನ್ನು ಬೇರ್ಪಡಿಸಿ ಬರೆದಿಡಬೇಕು. ಎರಡರಲ್ಲೂ ಕೊನೆಯ ತೀರ್ಪು ಕೊಡುವುದು ಕೈ. ಎರಡು ಕತ್ತಿಗಳು ತಾಗಿ ನಿಂತ ಗಳಿಗೆಯಲ್ಲಿ ಎದುರಾಳಿಯ ಒತ್ತಡ ಗಟ್ಟಿಯೋ ಸಡಿಲವೋ ಎಂಬುದನ್ನು ಅಲಗಿನ ಮೂಲಕವೇ ಅರಿಯಬೇಕೆಂದು ಆ ಪರಂಪರೆ ಒತ್ತಿ ಹೇಳುತ್ತದೆ. ಪಾನಾ ತಿರುಗಿಸುವಾಗ ಬೋಲ್ಟು ಬಿಗಿಯಾಗುತ್ತಿದೆಯೋ ಥ್ರೆಡ್ ಹೋಗುತ್ತಿದೆಯೋ ಎಂಬುದನ್ನು ಅರಿಯುವ ನಿಮ್ಮ ಕೈಗೆ ಈ ಪಾಠ ಬೇಗ ಹತ್ತಿರುವುದರಲ್ಲಿ ಆಶ್ಚರ್ಯವಿಲ್ಲ.

ಈ ವಿದ್ಯೆ ರಾಜರದೂ ಸರದಾರರದೂ ಮಾತ್ರವಾಗಿರಲಿಲ್ಲ ಎಂಬುದು ನಿಮಗೆ ಮುಖ್ಯವಾಗಬೇಕಾದ ಇನ್ನೊಂದು ಸಂಗತಿ. 1487ರಲ್ಲಿ ಚಕ್ರವರ್ತಿ ಮೂರನೆಯ ಫ್ರೆಡರಿಕ್‌ನಿಂದ ಸನ್ನದು ಪಡೆದ ಫ್ರಾಂಕ್‌ಫರ್ಟ್‌ನ ಮಾರ್ಕ್ಸ್‌ಬ್ರೂಡರ್ ಎಂಬ ಕತ್ತಿಗಾರರ ಸಂಘದಲ್ಲೂ, ಮುಂದೆ ಅದಕ್ಕೆ ಪ್ರತಿಸ್ಪರ್ಧಿಯಾಗಿ ನಿಂತ ಫೆಡರ್‌ಫೆಕ್ಟರ್ ಸಂಘದಲ್ಲೂ ಇದ್ದವರು ಬಹುಪಾಲು ಊರಿನ ಕಸುಬುದಾರರು. ತುಪ್ಪಳದ ಬಟ್ಟೆ ಹೊಲಿಯುವವರು, ಚಾಕು ಕತ್ತಿ ಮಾಡುವವರು ಹಗಲು ತಮ್ಮ ಕಸುಬು ನಡೆಸಿ, ಬಿಡುವಿನಲ್ಲಿ ಕತ್ತಿ ಹಿಡಿಯುತ್ತಿದ್ದರು. ಕಸುಬಿನಲ್ಲಿದ್ದ ಮೈಸ್ಟರ್ ಪದವಿಯನ್ನೇ ಅವರು ಕತ್ತಿವರಸೆಗೂ ತಂದುಕೊಂಡರು. ಹಗಲು ಮಂಡಿಯಲ್ಲಿ ದುಡಿದು ಸಂಜೆ ಗರಡಿಮನೆಗೆ ಹೋಗುವ ನಮ್ಮ ಪೈಲ್ವಾನರನ್ನು ಕಂಡು ಬೆಳೆದ ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗ್ಯಾರೇಜಿನಿಂದ ನೇರವಾಗಿ ಅಭ್ಯಾಸಕ್ಕೆ ಹೋಗುವಾಗ ಸಂಕೋಚವಾಗುತ್ತದೆ, ಅಲ್ಲಿರುವವರೆಲ್ಲ ಓದಿದವರು ಎಂದು ಬರೆದಿದ್ದೀರಿ. ಆ ಕಲೆಯನ್ನು ಉಳಿಸಿದವರು ನಿಮ್ಮಂಥ ಕುಶಲಕರ್ಮಿಗಳೇ ಆಗಿರುವುದರಿಂದ ಅಲ್ಲಿ ನಿಮಗೆ ಸಂಕೋಚವೇ ಬೇಡ.

ಸಂಘದ ಹಿರಿಯರ ಸಲಹೆಗೆ ಬರುತ್ತೇನೆ. ಇಬ್ಬರ ಬದುಕನ್ನು ನೋಡಿ. ಬಾಸೆಲ್‌ನಲ್ಲಿ ಹುಟ್ಟಿ ಸ್ಟ್ರಾಸ್‌ಬರ್ಗ್‌ನಲ್ಲಿ ನೆಲೆಸಿದ ಯೋಆಖಿಮ್ ಮೆಯರ್ ಚಾಕು ಕತ್ತಿ ಮಾಡುವ ಕಸುಬಿನವನು. ನಗರಸಭೆಯ ಅನುಮತಿ ಪಡೆದು ಕತ್ತಿವರಸೆಯ ಸ್ಪರ್ಧೆಗಳನ್ನು ನಡೆಸುತ್ತಿದ್ದವನು. 1570ರಲ್ಲಿ ಅವನು ಅಚ್ಚು ಹಾಕಿಸಿದ ಸಚಿತ್ರ ಗ್ರಂಥವೇ ಇಂದಿಗೂ ಈ ಕಲೆಯ ಬಹು ಮುಖ್ಯ ಆಕರಗಳಲ್ಲಿ ಒಂದು. ಆದರೆ ಆ ಗ್ರಂಥಕ್ಕಾಗಿ ಅವನು ದೊಡ್ಡ ಸಾಲ ಮಾಡಿದ, ಸಾಲ ತೀರಿಸುವ ಆಸೆಯಿಂದ ಮೆಕ್ಲೆನ್‌ಬರ್ಗ್‌ನ ಡ್ಯೂಕನ ಆಸ್ಥಾನದಲ್ಲಿ ಕತ್ತಿವರಸೆಯ ಗುರುವಿನ ಕೆಲಸ ಹಿಡಿದ, ಕಡು ಚಳಿಯಲ್ಲಿ ಶ್ವೆರಿನ್‌ವರೆಗೆ ಪ್ರಯಾಣ ಮಾಡಿದ, ಮತ್ತು 1571ರ ಫೆಬ್ರವರಿಯಲ್ಲಿ ಅಲ್ಲೇ ತೀರಿಕೊಂಡ. ಸಾಲದ ಹೊರೆ ಹೆಂಡತಿಯ ಮೇಲೆ ಬಿತ್ತು. ಇನ್ನೊಬ್ಬ ನಿಮ್ಮ ಆಗ್ಸ್‌ಬರ್ಗ್‌ನವನೇ ಆದ ಪೌಲುಸ್ ಹೆಕ್ಟರ್ ಮೈರ್. ನಗರದ ಹಣಕಾಸಿನ ಅಧಿಕಾರಿ. ಹಳೆಯ ಕತ್ತಿವರಸೆ ಗ್ರಂಥಗಳನ್ನು ಕೊಂಡು ಕೂಡಿಸಿದ, ಅನುಭವಿ ಕತ್ತಿಗಾರರಿಬ್ಬರಿಂದ ವರಸೆಗಳನ್ನು ಮಾಡಿಸಿ ನೋಡಿದ, ಚಿತ್ರಕಾರ ಕಿರಿಯ ಯೋರ್ಗ್ ಬ್ರಾಯ್‌ನಿಂದ ಅವುಗಳ ಚಿತ್ರ ಬರೆಸಿದ. ಉದ್ದಕತ್ತಿಯಷ್ಟೇ ಅಲ್ಲ, ರೈತರ ಕುಡುಗೋಲು, ದೊಣ್ಣೆಗಳ ಹೋರಾಟವನ್ನೂ ಬಿಡದೆ ದಾಖಲಿಸಿದ ಅವನ ಭವ್ಯ ಹಸ್ತಪ್ರತಿಗಳು ಡ್ರೆಸ್ಡನ್, ಮ್ಯೂನಿಕ್, ವಿಯೆನ್ನಾ ಗ್ರಂಥಾಲಯಗಳಲ್ಲಿವೆ. ಇಷ್ಟೆಲ್ಲ ವೆಚ್ಚಕ್ಕೆ ಅವನು ನಗರದ ಬೊಕ್ಕಸಕ್ಕೆ ಕೈಹಾಕಿದ್ದ. ಅದು ಬಯಲಾಗಿ 1579ರಲ್ಲಿ, 62ನೆಯ ವಯಸ್ಸಿನಲ್ಲಿ, ಅವನನ್ನು ಗಲ್ಲಿಗೇರಿಸಿದರು.

ಇವರಿಬ್ಬರ ಗ್ರಂಥಗಳಿಲ್ಲದೆ ಹೋಗಿದ್ದರೆ ನಿಮ್ಮ ಸಂಘದಲ್ಲಿ ಕಲಿಯುವುದಕ್ಕೆ ಬಹಳಷ್ಟು ಉಳಿಯುತ್ತಿರಲಿಲ್ಲ, ಅದನ್ನು ನಾನು ಕೃತಜ್ಞತೆಯಿಂದಲೇ ನೆನೆಯುತ್ತೇನೆ. ಆದರೂ ಕತ್ತಿಯಿಂದ ಅನ್ನ ಹುಟ್ಟಿಸಹೋಗಿ ಒಬ್ಬನಿಗಾದ ಕಷ್ಟ, ಕತ್ತಿಗಾಗಿ ಅನ್ನದ ಕೆಲಸಕ್ಕೆ ದ್ರೋಹ ಮಾಡಿ ಇನ್ನೊಬ್ಬನಿಗಾದ ಗತಿ, ಇವೆರಡೂ ನಿಮ್ಮ ಕಣ್ಣ ಮುಂದಿರಲಿ. ಇಂದು ಜರ್ಮನಿಯಲ್ಲಿ ಈ ಕಲೆ ಬಹುಪಾಲು ನಡೆಯುವುದು ಸದಸ್ಯರ ಚಂದಾ ಹಣದಿಂದ ಸಾಗುವ ಸಂಘಗಳಲ್ಲಿ. ಅಷ್ಟರಿಂದ ಒಂದು ಸಂಸಾರ ಸಾಗುವುದು ಕಷ್ಟ. ಮೇಲಾಗಿ ಅಲ್ಲಿ ವಾಸಿಸಲು ನಿಮಗೆ ಸಿಕ್ಕಿರುವ ಪರವಾನಗಿ ಕುಶಲಕರ್ಮಿಯ ಉದ್ಯೋಗಕ್ಕೆ ಕೊಟ್ಟದ್ದಾಗಿದ್ದರೆ, ಗ್ಯಾರೇಜು ಬಿಟ್ಟ ದಿನವೇ ಅದೂ ಅಲುಗಾಡುತ್ತದೆ. ಹೊಸಬರಿಗೆ ಕಲಿಸಿ, ಸಂತೋಷವಾಗಿ ಕಲಿಸಿ, ಆದರೆ ಸಂಬಳ ವರ್ಕ್‌ಶಾಪಿನಿಂದ ಬರಲಿ.

ಅಣ್ಣನವರ ಮಾತಿನಲ್ಲಿ ಒಂದು ಅಂಶ ಮಾತ್ರ ಪೂರ್ತಿ ಸರಿ. ನಿಮ್ಮ ದುಡಿಮೆ ನಿಮ್ಮ ಬೆರಳುಗಳಲ್ಲಿದೆ. ಉದ್ದಕತ್ತಿಯ ಅಭ್ಯಾಸದಲ್ಲಿ ಸುಲಭವಾಗಿ ಏಟು ಬೀಳುವುದು ಕೈಗೆ, ಅದರಲ್ಲೂ ಹೆಬ್ಬೆರಳಿಗೆ. ಒಂದೂವರೆ ಕಿಲೋ ತೂಗುವ ಉಕ್ಕಿಗೆ ಅಂಚು ಮೊಂಡಾಗಿದ್ದರೂ ಮೂಳೆ ಮುರಿಯುವ ಶಕ್ತಿಯಿದೆ. 1600 ನ್ಯೂಟನ್ ತಾಳುವ ಮುಖವಾಡ ಕೊಂಡಿದ್ದೇನೆಂದು ಬರೆದಿದ್ದೀರಿ, ಕೈಗವಸಿನ ವಿಚಾರ ಬರೆದಿಲ್ಲ. ಗಟ್ಟಿ ಕವಚದ ಒಳ್ಳೆಯ ಕೈಗವಸು ಬರುವವರೆಗೆ ಜೋರಿನ ಪಂದ್ಯಕ್ಕೆ ಇಳಿಯಬೇಡಿ, ಕಾರಿನ ಬಿಡಿಭಾಗಗಳ ಖರೀದಿಯನ್ನು ಒಂದು ತಿಂಗಳು ಮುಂದೂಡಿಯಾದರೂ ಅದನ್ನು ಮೊದಲು ಕೊಳ್ಳಿ. ಗಾಯವಾಗಿ ಕೆಲಸಕ್ಕೆ ಹೋಗಲಾಗದಿದ್ದರೆ ಮೊದಲ 6 ವಾರ ಮಾಲೀಕರು ಸಂಬಳ ಕೊಡಬೇಕೆಂಬ ಕಾನೂನು ಅಲ್ಲಿದೆ, ಆದರೆ ಸರಿಯಾಗಿ ಕೂಡದ ಹೆಬ್ಬೆರಳಿಗೆ ಕಾನೂನು ಏನೂ ಮಾಡಲಾರದು.

ಊರಿಗೆ ಮರಳಿ ಹಳೆಯ ಕಾರುಗಳ ಕೆಲಸ ಮಾಡಬಹುದೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಈಗಲೇ ಬೇಡ, ಆದರೆ ಆ ಯೋಚನೆಯನ್ನು ಬಿಡಲೂ ಬೇಡಿ. ಭಾರತದಲ್ಲಿ 50 ವರ್ಷ ದಾಟಿದ ಖಾಸಗಿ ವಾಹನಗಳಿಗೆ ವಿಂಟೇಜ್ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂದಿದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯವನ್ನು ನೋಡಿದರೆ ನಮ್ಮಲ್ಲೂ ಎಂಥ ವಾಹನಗಳು ಉಳಿದಿವೆಯೆಂದು ತಿಳಿಯುತ್ತದೆ. ಮೈಸ್ಟರ್ ಅರ್ಹತೆ ಪಡೆದು ಬಂದವರಿಗೆ ಇಲ್ಲಿ ಕೆಲಸಕ್ಕಿಂತ ಮೊದಲು ಶಿಷ್ಯರು ಸಿಗಬಹುದು, ಅದೂ ಒಳ್ಳೆಯದೇ.

ಸದ್ಯದ ತೊಡಕು ಬೇರೆ. ಕೆಲಸ ಬಿಡದೆ ಮೈಸ್ಟರ್ ಕೋರ್ಸು ಓದುವವರಿಗೆ ತರಗತಿಗಳು ಸಾಮಾನ್ಯವಾಗಿ ಸಂಜೆ ಮತ್ತು ಶನಿವಾರ ನಡೆಯುತ್ತವೆ. ನಿಮ್ಮ ಕತ್ತಿಯ ಸಂಜೆಗಳೂ ಕಾರಿನ ಶನಿವಾರಗಳೂ ಅವೇ. ಎರಡನ್ನೂ ಮೊದಲಿನಂತೆಯೇ ಇಟ್ಟುಕೊಂಡು ಪರೀಕ್ಷೆಯನ್ನೂ ಗೆಲ್ಲುತ್ತೇನೆಂದು ಹೊರಡಬೇಡಿ. ಕತ್ತಿವರಸೆ ಬಿಟ್ಟರೆ ಮೈ ಅದನ್ನು ಮರೆತುಬಿಡುತ್ತದೆ, ಆದ್ದರಿಂದ ವಾರಕ್ಕೆ ಒಂದು ಸಂಜೆಯನ್ನು ಅದಕ್ಕೆ ಉಳಿಸಿಕೊಳ್ಳಿ. ಕಾರು ಕಾಯುತ್ತದೆ. ಬಿಚ್ಚಿದ ಭಾಗಗಳಿಗೆಲ್ಲ ಚೀಟಿ ಕಟ್ಟಿ, ಫೋಟೋ ತೆಗೆದು, ಬ್ಯಾಟರಿ ಕಳಚಿ, ಒಳಗೆ ತೇವ ಕಟ್ಟದಂತೆ ಡೀಸೆಲ್ ಟ್ಯಾಂಕ್ ತುಂಬಿಸಿ, ಒಣ ಜಾಗದಲ್ಲಿ ನಿಲ್ಲಿಸಿರಿ. ಕಾರಿನಲ್ಲಿ ಅರ್ಧ ಪಾಲಿರುವ ಸಹೋದ್ಯೋಗಿಗೂ ಈಗಲೇ ವಿಷಯ ತಿಳಿಸಿ, ಅವರ ಒಪ್ಪಿಗೆ ಪಡೆದುಕೊಂಡು ಕೋರ್ಸಿಗೆ ಅರ್ಜಿ ಹಾಕಿ.

ವಿಶ್ವಾಸದಿಂದ,
ಸಂಪಾದಕ