ಹಳೇ ಮಿನಿವ್ಯಾನ್ ತೆಗೆದುಕೊಳ್ಳುವ ಮೊದಲು ಅದರ ಅಡಿಗೆ ಬಗ್ಗಿ ನೋಡು

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಕೆನಡಾದ ಒಂಟಾರಿಯೋ ಪ್ರಾಂತ್ಯದ ಬ್ರಾಂಪ್ಟನ್‌ಗೆ ಹೊಸತಾಗಿ ಬಂದಿದ್ದೀಯ, ಇಬ್ಬರು ಮಕ್ಕಳು, ಕಾಸರಗೋಡಿನ ಪೆರ್ಲದಿಂದ ಅಪ್ಪ ಅಮ್ಮ ಬೇರೆ ಬರುವವರಿದ್ದಾರೆ. 2,40,000 ಕಿಲೋಮೀಟರ್ ಓಡಿದ 2010ರ ಹೋಂಡಾ ಒಡಿಸ್ಸಿ ಮಿನಿವ್ಯಾನ್ 5,500 ಡಾಲರ್‌ಗೆ ಸಿಗುತ್ತಿದೆ, ತೆಗೆದುಕೊಳ್ಳಬಹುದಾ, ರಿಪೇರಿಗೆ ಎಷ್ಟು ಬೀಳುತ್ತದೆ ಅಂತ ಕೇಳಿದ್ದೀಯ. ನಾನೀಗ ರಜೆಗೆ ಬದಿಯಡ್ಕಕ್ಕೆ ಬಂದಿದ್ದೇನೆ. ಮಳೆ ಜೋರಿದೆ, ಕರೆಂಟ್ ಇರುವಾಗಲೇ ಬರೆದುಬಿಡುತ್ತೇನೆ.

ತೆಗೆದುಕೊಳ್ಳಬಹುದು. ಆದರೆ 5,500 ಅಂತ ಲೆಕ್ಕ ಹಾಕಬೇಡ, 8,000 ಅಂತ ಹಾಕು. ಅಷ್ಟು ಕೈಯಲ್ಲಿಲ್ಲದಿದ್ದರೆ ಸದ್ಯ ಸಣ್ಣ ಕಾರೇ ಸಾಕು.

ಯಾಕೆ ಅಂದರೆ, ಊರಲ್ಲಿ ಹಳೇ ಓಮ್ನಿ ಕೆಟ್ಟರೆ ಮೆಕ್ಯಾನಿಕ್ ಇಡೀ ದಿನ ಬಿಚ್ಚಿ ಕೂತರೂ ಕೂಲಿ ಅಷ್ಟೇನೂ ಆಗುವುದಿಲ್ಲ, ದುಡ್ಡು ಹೋಗುವುದು ಬಿಡಿಭಾಗಕ್ಕೆ. ಕೆನಡಾದಲ್ಲಿ ಉಲ್ಟಾ. ಸಣ್ಣ ಗ್ಯಾರೇಜಿನಲ್ಲೂ ಗಂಟೆಗೆ ನೂರು, ನೂರೈವತ್ತು ಡಾಲರ್ ತೆಗೆದುಕೊಳ್ಳುತ್ತಾರೆ. ಯಾವ ಕೆಲಸಕ್ಕೆ ಎಷ್ಟು ಗಂಟೆ ಅಂತ ಅವರ ಹತ್ತಿರ ಒಂದು ಪಟ್ಟಿಯೇ ಇರುತ್ತದೆ, ಬಿಲ್ ಮಾಡುವುದು ಅದರ ಪ್ರಕಾರ. ಮಿನಿವ್ಯಾನಿನ ಮೂತಿ ಗಿಡ್ಡ. ಆರು ಸಿಲಿಂಡರಿನ ಇಂಜಿನ್ನನ್ನು ಅದರೊಳಗೆ ಅಡ್ಡಡ್ಡ ತುರುಕಿರುತ್ತಾರೆ. ಹಿಂದಿನ ಸಾಲಿನ ಸ್ಪಾರ್ಕ್ ಪ್ಲಗ್ ಬದಲಾಯಿಸಲೂ ಸುಲಭವಾಗಿ ಕೈ ಹೋಗುವುದಿಲ್ಲ, ಗಂಟೆ ಜಾಸ್ತಿ ಹಿಡಿಯುತ್ತದೆ. ಹಾಗಾಗಿ ಗ್ಯಾರೇಜಿಗೆ ಹೋದರೆ ಪಾರ್ಟಿನ ಬೆಲೆ ಮಾತ್ರ ಕೇಳಬೇಡ, ಎಷ್ಟು ಗಂಟೆ ಹಾಕುತ್ತೀರಿ ಅಂತಲೂ ಕೇಳು.

ಒಡಿಸ್ಸಿಯಲ್ಲಿ ಮೊದಲು ಕೇಳಬೇಕಾದ್ದು ಟೈಮಿಂಗ್ ಬೆಲ್ಟ್, ಅಂದರೆ ಇಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ರಬ್ಬರ್ ಪಟ್ಟಿ. ಸುಮಾರು 1,60,000 ಕಿಲೋಮೀಟರ್ ಅಥವಾ ಏಳು ವರ್ಷಕ್ಕೆ ಅದನ್ನು ಬದಲಾಯಿಸಬೇಕು. ಓಡುತ್ತಿರುವಾಗ ತುಂಡಾದರೆ ವಾಲ್ವು ಪಿಸ್ಟನ್ನಿಗೆ ಬಡಿದು ಇಂಜಿನ್ನೇ ಹೋಗುತ್ತದೆ. ಬದಲಾಯಿಸಿದ ಬಿಲ್ ತೋರಿಸಿ ಅನ್ನು. ಬಾಯಿ ಮಾತಿಗೆ ಬೆಲೆ ಕೊಡಬೇಡ. ಬಿಲ್ ಇಲ್ಲದಿದ್ದರೆ ಬದಲಾಯಿಸಿಲ್ಲ ಅಂತಲೇ ತಿಳಿದು, ವಾಟರ್ ಪಂಪ್ ಸಮೇತ ಬೆಲ್ಟ್ ಹಾಕಿಸುವ ಖರ್ಚು ಅಂತ ಸಾವಿರದಿಂದ ಸಾವಿರದೈನೂರು ಡಾಲರ್ ಬೆಲೆಯಲ್ಲಿ ಇಳಿಸು. ಇನ್ನೊಂದು ವಿಷಯ. ಆ ವರ್ಷದ ಒಡಿಸ್ಸಿಯ ದುಬಾರಿ ಮಾಡೆಲ್‌ಗಳಲ್ಲಿ, ಅಂದರೆ ಇಎಕ್ಸ್-ಎಲ್ ಮತ್ತು ಟೂರಿಂಗ್‌ನಲ್ಲಿ, ಪೆಟ್ರೋಲ್ ಉಳಿಸಲು ಹೈವೇಯಲ್ಲಿ ಕೆಲವು ಸಿಲಿಂಡರ್ ತಾವಾಗಿ ನಿಲ್ಲುವ ವ್ಯವಸ್ಥೆ ಇದೆ. ಅದರಿಂದಾಗಿ ಆಯಿಲ್ ಕುಡಿಯುವ, ಪ್ಲಗ್ ಕಪ್ಪಾಗುವ, ಇಂಜಿನ್ನನ್ನು ಹಿಡಿದಿಡುವ ಮೌಂಟ್ ಹೋಗುವ ದೂರು ಜಾಸ್ತಿ. ಲೆದರ್ ಸೀಟು ನೋಡಿ ಮರುಳಾಗಬೇಡ, ಸಾದಾ ಮಾಡೆಲ್ಲೇ ವಾಸಿ.

ಇದಕ್ಕಿಂತಲೂ ದೊಡ್ಡ ತಲೆನೋವು ತುಕ್ಕು. ಕುಂಬಳೆ, ಉಪ್ಪಳದ ಕಡಲ ಬದಿಯಲ್ಲಿ ಗೇಟು, ಸೈಕಲ್ ಹೇಗೆ ತುಕ್ಕು ಹಿಡಿಯುತ್ತವೆ ಅಂತ ನಿನಗೆ ಹೇಳಬೇಕಾಗಿಲ್ಲ. ಬ್ರಾಂಪ್ಟನ್ನಿನಲ್ಲಿ ಕಡಲಿಲ್ಲ, ಆದರೆ ಚಳಿಗಾಲವಿಡೀ ಮಂಜು ಕರಗಲಿ ಅಂತ ರಸ್ತೆಗೇ ಉಪ್ಪು ಸುರಿಯುತ್ತಾರೆ. ಅದು ನೀರಿನ ಜೊತೆ ಗಾಡಿಯ ಅಡಿಗೆ ಹಾರಿ ಅಲ್ಲೇ ಕೂರುತ್ತದೆ. ಗಾಡಿ ನೋಡಲು ಹೋಗುವಾಗ ಹಳೇ ಬಟ್ಟೆ ಹಾಕಿಕೊಂಡು ಹೋಗು. ಜೇಬಿನಲ್ಲಿ ಟಾರ್ಚು, ಒಂದು ಸ್ಕ್ರೂಡ್ರೈವರ್ ಇರಲಿ. ಸ್ಲೈಡಿಂಗ್ ಡೋರ್ ತೆರೆದು ಅದರ ಕೆಳಗಿನ ಅಂಚನ್ನು ನೋಡು. ಪೇಂಟ್ ಗುಳ್ಳೆ ಎದ್ದಿದೆಯಾ? ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟು. ಗಟ್ಟಿ ತಗಡಾದರೆ ಠಣ್ ಅನ್ನುತ್ತದೆ. ಒಳಗಿಂದ ತಿಂದುಹೋಗಿದ್ದರೆ ಸದ್ದೇ ಬರುವುದಿಲ್ಲ, ಕಂದು ಪುಡಿ ಉದುರುತ್ತದೆ. ಆಮೇಲೆ ಮಲಗಿ ಬ್ರೇಕ್ ಪೈಪು, ಸಸ್ಪೆನ್ಶನ್ ಕೂತಿರುವ ಫ್ರೇಮ್ ನೋಡು. ಮೇಲ್ಮೈ ತುಕ್ಕು ಎಲ್ಲ ಗಾಡಿಯಲ್ಲೂ ಇರುತ್ತದೆ, ಹೆದರಬೇಕಾಗಿಲ್ಲ. ಪದರ ಪದರವಾಗಿ ಏಳುತ್ತಿದ್ದರೆ, ತೂತು ಬಿದ್ದಿದ್ದರೆ ನಮಸ್ಕಾರ ಹೇಳಿ ಬಂದುಬಿಡು. ಬೇರೆಲ್ಲ ಪಾರ್ಟ್ ಬದಲಾಯಿಸಬಹುದು, ತುಕ್ಕು ತಿಂದ ಬಾಡಿಯನ್ನಲ್ಲ.

ಸ್ಲೈಡಿಂಗ್ ಡೋರ್ ಬಟನ್ ಒತ್ತಿದಾಗ ಅರ್ಧಕ್ಕೆ ನಿಂತು ಕರಕರ ಅಂದರೆ ಒಳಗಿನ ಕೇಬಲ್ ಸವೆದಿರಬಹುದು. ಹಳೇ ಮಿನಿವ್ಯಾನಿಗೆ ಈ ಕಾಯಿಲೆ ಸಾಮಾನ್ಯ. ಮೋಟಾರ್ ಸಮೇತ ಬದಲಾಯಿಸಲು ಸಾವಿರ ಡಾಲರ್ ದಾಟುತ್ತದೆ. ಸುಮ್ನೆ ಸ್ವಿಚ್ ಆಫ್ ಮಾಡಿ ಕೈಯಲ್ಲಿ ಎಳೆ. ಊರಲ್ಲಿ ಓಮ್ನಿಯ ಬಾಗಿಲನ್ನು ಎಳೆದು ಬೆಳೆದವರಲ್ವಾ ನಾವು.

ಉಳಿದ ಖರ್ಚು ಅಂದಾಜಿಗೆ ಹೇಳುತ್ತೇನೆ. ಮುಂದಿನ ಅಥವಾ ಹಿಂದಿನ ಎರಡು ಚಕ್ರದ ಬ್ರೇಕ್ ಪ್ಯಾಡ್, ಡಿಸ್ಕ್ ಸೇರಿ ನಾನೂರರಿಂದ ಆರುನೂರು. ವೀಲ್ ಬೇರಿಂಗ್ ಒಂದಕ್ಕೆ ನಾನೂರರ ಆಸುಪಾಸು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಐನೂರರಿಂದ ಎಂಟುನೂರು. ಬ್ಯಾಟರಿ ಇನ್ನೂರು ಚಿಲ್ಲರೆ. ಮೈನಸ್ ಇಪ್ಪತ್ತರ ಚಳಿಯಲ್ಲಿ ಹಳೇ ಬ್ಯಾಟರಿ ಕೈಕೊಡುತ್ತದೆ, ಅದನ್ನು ಮುಂಚೆಯೇ ಹಾಕಿಸು. ಚಳಿಗಾಲದ ಟಯರ್ ನಾಲ್ಕಕ್ಕೆ ಎಂಟುನೂರರ ಮೇಲೆ. 2016ರಿಂದ ಒಂಟಾರಿಯೋದ ಇನ್ಶೂರೆನ್ಸ್ ಕಂಪನಿಗಳು ಅದಕ್ಕೆ ರಿಯಾಯಿತಿ ಕೊಡಲೇಬೇಕು, ಕೇಳಿ ತೆಗೆದುಕೋ. ಗೇರ್‌ಬಾಕ್ಸ್ ಮಾತ್ರ ಬೇರೆಯೇ ಕತೆ. ನನ್ನ ಮೊದಲ ವ್ಯಾನಿನದು ಹೋದಾಗ ನಾಲ್ಕು ಸಾವಿರ ಕೇಳಿದರು. ವ್ಯಾನಿಗೇ ಅಷ್ಟು ಬೆಲೆ ಇರಲಿಲ್ಲ, ಮೂಗಿಗಿಂತ ಮೂಗುತಿ ಭಾರ. ಗುಜರಿಗೆ ಹಾಕಿದೆ.

ಟೊಯೋಟಾ ಸಿಯೆನ್ನಾ ಸಿಕ್ಕಿದರೆ ಅದನ್ನೂ ನೋಡು. 2007ರ ನಂತರದ್ದರಲ್ಲಿ ಬೆಲ್ಟ್ ಬದಲು ಚೈನ್ ಇದೆ, ಆ ಖರ್ಚು ಉಳಿಯಿತು. ಆದರೆ ಬೆಲೆ ಜಾಸ್ತಿ. ಡಾಡ್ಜ್ ಗ್ರ್ಯಾಂಡ್ ಕ್ಯಾರವಾನ್ ಅಗ್ಗ. 2020ರವರೆಗೆ ಒಂಟಾರಿಯೋದ ವಿಂಡ್ಸರಿನಲ್ಲೇ ತಯಾರಾಗುತ್ತಿತ್ತು, ಬಿಡಿಭಾಗಕ್ಕೆ ಬರವಿಲ್ಲ. 3.6 ಲೀಟರ್ ಇಂಜಿನ್ನಿನ ಆಯಿಲ್ ಫಿಲ್ಟರ್ ಕೂರುವ ಪ್ಲಾಸ್ಟಿಕ್ ಹೌಸಿಂಗ್ ಸೋರುತ್ತದೆ, ಅದೊಂದನ್ನು ನೋಡಿಕೊಳ್ಳಬೇಕು.

ಮಂಗಳೂರಿನಲ್ಲಿ ಕೆಎ 19 ಗಾಡಿ ತೆಗೆದು ಕಾಸರಗೋಡಿನ ಕೆಎಲ್ 14 ನಂಬರ್ ಮಾಡಿಸಲು ಎನ್‌ಒಸಿ, ಟ್ಯಾಕ್ಸ್ ಅಂತ ಅಲೆದವರಿಗೆ ಒಂಟಾರಿಯೋದ ಕಾಗದಪತ್ರ ಏನೇನೂ ಅಲ್ಲ. ಮಾರುವವನು 20 ಡಾಲರಿನ ಸರ್ಕಾರಿ ಮಾಹಿತಿ ಪ್ಯಾಕೇಜ್ ಕೊಡಬೇಕು. ಹಿಂದಿನ ಮಾಲೀಕರು ಯಾರು, ಗಾಡಿಯ ಮೇಲೆ ಸಾಲ ಉಂಟಾ ಅಂತ ಅದರಲ್ಲಿರುತ್ತದೆ. ಗಾಡಿ ರಸ್ತೆಗೆ ಯೋಗ್ಯ ಅಂತ ಗ್ಯಾರೇಜಿನವರು ಕೊಡುವ ಸೇಫ್ಟಿ ಸರ್ಟಿಫಿಕೇಟ್ 36 ದಿನ ಮಾತ್ರ ಚಲಾವಣೆ. ಆ ಸರ್ಟಿಫಿಕೇಟ್ ಇದೆ ಅಂದ ಮಾತ್ರಕ್ಕೆ ಇಂಜಿನ್, ಗೇರ್‌ಬಾಕ್ಸ್ ಚೆನ್ನಾಗಿದೆ ಅಂತಲ್ಲ. ಹೆಸರಿಗೆ ಮಾಡಿಸುವಾಗ 13 ಶೇಕಡಾ ಟ್ಯಾಕ್ಸ್, ನಿನ್ನ ಗಾಡಿಗೆ ಕಡಿಮೆಯೆಂದರೂ 715 ಡಾಲರ್. ಇನ್ಶೂರೆನ್ಸ್ ಎಷ್ಟು ಅಂತ ಮೊದಲೇ ಫೋನ್ ಮಾಡಿ ವಿಚಾರಿಸು, ಬ್ರಾಂಪ್ಟನ್ನಿನಲ್ಲಿ ಅದು ವಿಪರೀತ.

ಇಷ್ಟೆಲ್ಲ ನೋಡಿ ಮನಸ್ಸಾದರೆ, ನೂರು ನೂರೈವತ್ತು ಡಾಲರ್ ಕೊಟ್ಟು ನೀನೇ ಆರಿಸಿದ ಗ್ಯಾರೇಜಿನಲ್ಲಿ ಲಿಫ್ಟ್ ಮೇಲೆ ಎತ್ತಿಸಿ ನೋಡಿಸು. ಬೇಡ ಅನ್ನುವವನ ಗಾಡಿ ನಮಗೂ ಬೇಡ. ಗಾಡಿಯ ಗುರುತಿನ ಸಂಖ್ಯೆಯಾದ ವಿಐಎನ್ ನಂಬರನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿ ರಿಕಾಲ್, ಅಂದರೆ ಕಂಪನಿಯೇ ಕರೆದು ತಯಾರಿಕೆಯ ದೋಷ ಸರಿಮಾಡಿಕೊಡುವ ಕೆಲಸ, ಬಾಕಿ ಉಂಟಾ ಅಂತಲೂ ನೋಡು, ಇದ್ದರೆ ಆ ಕೆಲಸ ಪುಕ್ಕಟೆ.