ಖಾತ್ ಗಿಡ ಕಾಫಿ ತೋಟದಲ್ಲಿ ಹಾಕಬಹುದಾ ಅಂತ ಕೇಳಿದ್ರಲ್ಲ, ಅದಕ್ಕೆ

ಸರ್, ಮೂಡಿಗೆರೆ ಕಡೆ ನಿಮ್ಮ ತೋಟದಲ್ಲಿ ಖಾಲಿ ಬಿದ್ದಿರೋ ಜಾಗಕ್ಕೆ ಖಾತ್, ಅಂದ್ರೆ ಎಲೆ ಅಗಿದು ಕಿಕ್ ಏರಿಸ್ಕೊಳ್ಳೋ ಆ ಗಿಡ, ಹಾಕಬಹುದಾ, ಇಥಿಯೋಪಿಯಾದಲ್ಲಿ ಕಾಫಿ ಕಿತ್ತು ಅದನ್ನೇ ಹಾಕ್ತಿದಾರಂತೆ, ಆನ್‌ಲೈನಲ್ಲಿ ಬೀಜ ಸಿಗುತ್ತೆ ಅಂತ ಕೇಳಿದ್ರಿ. ನಿಮ್ಮ ಪೋಸ್ಟ್ ಕೆಳಗೆ ಒಬ್ರು "ಟೀ ಸೊಪ್ಪಿದ್ದಂಗೆ ಅಷ್ಟೇ" ಅಂತ ಬೇರೆ ಹಾಕಿದಾರೆ. ಬೇಡ ಸರ್, ಆ ತಂಟೆಗೇ ಹೋಗ್ಬೇಡಿ. ನಾನು ಕೆಲವು ವರ್ಷ ಇಥಿಯೋಪಿಯಾದ ಹರಾರ್ ಕಡೆ ಕಾಲೇಜಲ್ಲಿ ಪಾಠ ಮಾಡ್ಕೊಂಡಿದ್ದೆ, ಎಲ್ಲಿ ನೋಡಿದ್ರೂ ಅದೇ ಬೆಳೆ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತೀನಿ.

ಮೊದಲು ಕಾನೂನು. ಆ ಎಲೆಯಲ್ಲಿರೋ ಕ್ಯಾಥಿನೋನ್, ಕ್ಯಾಥಿನ್ ಅನ್ನೋ ನಶೆ ಅಂಶ ಎರಡೂ ನಮ್ಮ ಎನ್‌ಡಿಪಿಎಸ್, ಅಂದ್ರೆ ಮಾದಕ ವಸ್ತು ತಡೆಯೋ ಕಾಯ್ದೆ ಪಟ್ಟಿಯಲ್ಲಿವೆ. ಏರ್‌ಪೋರ್ಟ್, ಕೊರಿಯರ್‌ಗಳಲ್ಲಿ ಈ ಸೊಪ್ಪು ಹಿಡಿದು ಕೇಸ್ ಹಾಕ್ತಾನೇ ಇರ್ತಾರೆ. ಹವ್ಯಾಸಕ್ಕೆ ಬೆಳೆದೆ ಅಂದ್ರೆ ಯಾರೂ ಒಪ್ಪಲ್ಲ.

ಗಿಡದ ವಿಷಯಕ್ಕೆ ಬಂದ್ರೆ, ಹೆಸರು ಕ್ಯಾಥಾ ಎಡುಲಿಸ್, ನಮ್ಮ ಜ್ಯೋತಿಷ್ಮತಿ ಬಳ್ಳಿಯ ಕುಟುಂಬದ್ದೇ. ವರ್ಷವಿಡೀ ಹಸಿರಾಗಿರೋ ಗಿಡ, ಸುಮ್ನೆ ಬಿಟ್ರೆ ಮರನೇ ಆಗುತ್ತೆ, ಆದ್ರೆ ಕೊಯ್ದು ಕೊಯ್ದು ಆಳೆತ್ತರಕ್ಕೆ ಇಟ್ಟಿರ್ತಾರೆ. ಎಲೆ ಅಂಚು ಸಣ್ಣಗೆ ಗರಗಸದ ಥರ, ಚಿಗುರು ಮಾತ್ರ ಕೆಂಪು ಛಾಯೆ, ಎಣ್ಣೆ ಸವರಿದಂಗೆ ಮಿಂಚುತ್ತೆ. ಸಾಮಾನ್ಯವಾಗಿ 1500 ಮೀಟರ್ ಮೇಲಿನ ತಂಪು ಗುಡ್ಡಗಾಡು ಅದಕ್ಕೆ ಇಷ್ಟ, ಹರಾರ್ ಊರೇ 1800 ಮೀಟರ್ ಮೇಲಿದೆ. ಅಲ್ಲಿ ಯಾರೂ ಬೀಜ ಹಾಕಲ್ಲ, ಬುಡದಲ್ಲಿ ಬರೋ ಕಂದು ಇಲ್ಲಾ ಕಡ್ಡಿ ನೆಡ್ತಾರೆ, ಸಾಲಿನ ಮಧ್ಯೆ ಜೋಳ ಬಿತ್ತಾರೆ. ಮೂರ್ನಾಲ್ಕು ವರ್ಷಕ್ಕೆ ಕೊಯ್ಲು ಶುರು, ಆಮೇಲೆ ದಶಕಗಟ್ಟಲೆ ಚಿಗುರ್ತಾನೇ ಇರುತ್ತೆ. ಕೀನ್ಯಾದ ಮೇರು ಕಡೆ ಅಜ್ಜನ ಕಾಲದ ಮರಗಳಿಂದ ಇವತ್ತಿಗೂ ಕೊಯ್ತಾರೆ, ಅಲ್ಲಿ ಇದಕ್ಕೆ ಮಿರಾ ಅಂತಾರೆ.

ದುಡ್ಡಿದೆ, ನಿಜ. ಕಾಫಿ ವರ್ಷಕ್ಕೊಂದು ಸಲ, ಇದು ನೀರಿದ್ರೆ ಎರಡು ಮೂರು ಸಲ, ಬರನೂ ತಡ್ಕೊಳುತ್ತೆ. ಆದ್ರೆ ಆ ದುಡ್ಡೆಲ್ಲ ಗಡಿಯಾರದ ಮೇಲೆ ನಿಂತಿರೋದು, ಇದನ್ನ ಯಾರೂ ಹೇಳಲ್ಲ. ಕಿಕ್ ಕೊಡೋದು ಮುಖ್ಯವಾಗಿ ಕ್ಯಾಥಿನೋನ್, 1975ರಲ್ಲಿ ಅದನ್ನ ಬೇರ್ಪಡಿಸಿದ್ದು. ಕೊಯ್ದು ಎರಡು ಮೂರು ದಿನಕ್ಕೆ ಅದರಲ್ಲಿ ಬಹುಪಾಲು ಒಡೆದು ಕಮ್ಮಿ ಜೋರಿನ ಕ್ಯಾಥಿನ್ ಆಗಿಬಿಡುತ್ತೆ. ಅದಕ್ಕೇ ಬಾಳೆಎಲೆಯಲ್ಲಿ ಸುತ್ತೋದು, ಹರಾರ್ ಹತ್ರ ಅವಡೇ ಸಂತೆಯಲ್ಲಿ ಕಟ್ಟು ಕಟ್ಟೋಕೆ ಹೆಂಗಸರು ಅಷ್ಟು ಅವಸರ ಮಾಡೋದು, ಇಸುಜು ಲಾರಿಗಳು ಎದ್ನೋ ಬಿದ್ನೋ ಅಂತ ಓಡೋದು. ಮಾಲು ಪ್ರತಿದಿನ ಜಿಬೂಟಿ, ಸೊಮಾಲಿಯಾ ಕಡೆ ಹೋಗಬೇಕು. ಗಿರಾಕಿ ಬಾಗಿಲು ಹಾಕ್ಕೊಂಡ್ರೆ ಕಥೆ ಮುಗೀತು, ಸ್ಟಾಕ್ ಇಡೋಕಾಗಲ್ಲ. 2014ರಲ್ಲಿ ಬ್ರಿಟನ್ ಬ್ಯಾನ್ ಮಾಡ್ದಾಗ ಮೇರು ರೈತರಿಗೆ ದೊಡ್ಡ ಪೆಟ್ಟು ಬಿತ್ತು, 2020ರಲ್ಲಿ ಸೊಮಾಲಿಯಾ ಕೀನ್ಯಾದ ಮಾಲು ನಿಲ್ಲಿಸಿದ್ದು ಮತ್ತೆ ಬಿಟ್ಟಿದ್ದು 2022ರಲ್ಲಿ.

ಅಗಿಯೋದು ಹೆಂಗೆ ಅಂತಾನೂ ಒಬ್ರು ಕೇಳಿದ್ರು. ಊಟ ಆದ್ಮೇಲೆ ಮಧ್ಯಾಹ್ನ ಗುಂಪಾಗಿ ಕೂತ್ಕೊಂಡು, ಚಿಗುರು ಕಿತ್ತು ಕಿತ್ತು ಒಂದೇ ಕೆನ್ನೆಗೆ ತುಂಬ್ಕೊಂಡು ರಸ ನುಂಗ್ತಾರೆ. ರುಚಿ ಕಹಿ ಒಗರು, ಜೊತೆಗೆ ಸಕ್ಕರೆ ಸುರಿದ ಟೀ, ಕಡ್ಲೇಕಾಯಿ. ಹಲ್ಲಿಲ್ಲದ ಮುದುಕರು ಪುಟ್ಟ ಒರಳಲ್ಲಿ ಕುಟ್ಕೊಂಡು ಬಾಯಿಗೆ ಹಾಕ್ತಾರೆ, ಬಿಸಾಕಿದ ಬಲಿತ ಎಲೆ ಓಣಿ ಮೇಕೆಗಳಿಗೆ. ಮೊದಮೊದಲು ಎಲ್ರಿಗೂ ಮಾತೋ ಮಾತು, ಹಸಿವಿಲ್ಲ, ಸುಸ್ತಿಲ್ಲ, ಪರೀಕ್ಷೆ ಹಿಂದಿನ ರಾತ್ರಿ ನಮ್ಮ ಕಾಲೇಜಿನ ಹುಡುಗರಲ್ಲೂ ಇದೇ ನಡೀತಿತ್ತು. ಸಂಜೆಗೆ ಮಂಕು ಕವಿಯುತ್ತೆ, ರಾತ್ರಿ ನಿದ್ದೆ ಬರಲ್ಲ. ಬಿಪಿ, ಎದೆಬಡಿತ ಏರುತ್ತೆ, ಮಲಬದ್ಧತೆ, ಗ್ಯಾಸ್ಟ್ರಿಕ್ ಕಟ್ಟಿಟ್ಟ ಬುತ್ತಿ, ಹಾರ್ಟ್ ಪ್ರಾಬ್ಲಂ ಇರೋರಿಗಂತೂ ಅಪಾಯ. ದಿನಾ ಅಗಿಯೋರ ಮನೇಲಿ ಸಂಬಳದ ಒಂದು ಪಾಲು ಕೆನ್ನೆಗೇ ಹೋಗುತ್ತೆ. ಟೀ ಸೊಪ್ಪು ಅಂದೋರು ಇದನ್ನ ಓದ್ಲಿ.

ನೀರಿನ ಕಥೆ ಇನ್ನೂ ಬೇಜಾರು. ಹರಾರ್ ಹತ್ರ ಹರಮಾಯ ಅಂತ ದೊಡ್ಡ ಕೆರೆ ಇತ್ತು, ಖಾತ್‌ಗೆ ಪಂಪ್ ಹಚ್ಚಿದ್ದು, ಹೂಳು ತುಂಬಿದ್ದು, ಊರಿಗೆ ನೀರು ಎಳೆದಿದ್ದು ಎಲ್ಲಾ ಸೇರಿ 2000ದ ದಶಕದಲ್ಲಿ ಒಣಗೇ ಹೋಯ್ತು, ಆಮೇಲೆ ಮಳೆಗೆ ಸ್ವಲ್ಪ ನೀರು ಬಂತು ಅನ್ನಿ. ಯೆಮೆನ್‌ನಲ್ಲಂತೂ ರಾಜಧಾನಿ ಸನಾ ಸುತ್ತ ಬೋರ್‌ವೆಲ್ ಕೊರೆದು ಕೊರೆದು ಅಂತರ್ಜಲ ಪಾತಾಳಕ್ಕಿಳಿದಿದೆ. ಬಾಬಾ ಬುಡನ್ ನಮ್ಮ ಗಿರಿಗೆ ಕಾಫಿ ಬೀಜ ತಂದಿದ್ದು ಅದೇ ಯೆಮೆನ್‌ನ ಮೋಖಾದಿಂದ ಅಂತಾರಲ್ಲ, ಅಲ್ಲಿನ ಮೆಟ್ಟಿಲು ಗದ್ದೆಗಳಲ್ಲಿ ಈಗ ಕಾಫಿ ಜಾಗಕ್ಕೆ ಈ ಗಿಡ ಬಂದು ಕೂತಿದೆ.

ಇನ್ನೊಂದು ಮಾತು, ಆಫ್ರಿಕಾ ಕಡೆಯಿಂದ ಬರೋ ನಮ್ಮ ಹುಡುಗರಿಗೆ ಯಾರಾದ್ರೂ "ಗ್ರೀನ್ ಟೀ, ಮೆಹಂದಿ ಪುಡಿ" ಅಂತ ಪ್ಯಾಕೆಟ್ ಕೊಟ್ರೆ ಮುಟ್ಟಬೇಡಿ ಅಂತ ಹೇಳಿ. ಒಣಗಿಸಿದ ಖಾತ್ ಸಾಗಿಸೋದೇ ಆ ಹೆಸರಲ್ಲಿ.

ನಿಮ್ಮ ಖಾಲಿ ಜಾಗಕ್ಕೆ ನೆರಳು ಎಷ್ಟಿದೆ, ಸಿಲ್ವರ್ ಓಕ್ ಮರ ಇದೆಯಾ ಹೇಳಿ ಸರ್, ಇದ್ರೆ ಮೆಣಸಿನ ಬಳ್ಳಿ ಹಬ್ಬಿಸಿ. ಬೀಜ ಆರ್ಡರ್ ಮಾಡಿದ್ರೆ ಇವತ್ತೇ ಕ್ಯಾನ್ಸಲ್ ಮಾಡಿ.